ಅವ್ವನ ಗೋಡೆಯ ನೀಲಿ

ಬೆಳಗಿನ ನಮಾಜು ಮುಗಿಸಿದವರು ಮಸೀದಿಯ ಮೆಟ್ಟಿಲ ಮೇಲೆ ಇನ್ನೂ ಚಪ್ಪಲಿ ಹುಡುಕುತ್ತಿದ್ದಾರೆ. ಹಿಗಾಜಿ ಕಾಕಾ ಆಗಲೇ ಮರುಭೂಮಿಯ ಅಂಚಿನ ಕಡಲೂರಾದ ಕುಸೈರ್‌ನ ಹಳೆಯ ಧಕ್ಕೆಯ ಆಚೆ, ಮೊಣಕಾಲುದ್ದ ನೀರಿನಲ್ಲಿ ಬಗ್ಗಿ ನಿಂತಿದ್ದಾರೆ. ನಿಲುವಂಗಿಯ ಅಂಚನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾರೆ. ಎಡಗೈಯಲ್ಲಿ ತಗಡಿನ ಡಬ್ಬಿ, ಬಲಗೈ ಬಂಡೆಯ ಸಂದಿಯಲ್ಲಿ. ಬೆರಳಿಗೆ ಸಿಕ್ಕ ಕಡಲ ಬಸವನಹುಳುವನ್ನು ಬಿಡಿಸಿ, ಮಗುಚಿ ನೋಡಿ, ಚಿಪ್ಪು ಮುಚ್ಚಿಕೊಂಡರೆ ಮಾತ್ರ ಡಬ್ಬಿಗೆ ಹಾಕುತ್ತಾರೆ. ಏಳಾದ ಕೂಡಲೇ ನಿಲ್ಲಿಸುತ್ತಾರೆ. ಎಂಟನೆಯದು ಕೈಗೆ ಬಂದರೂ ವಾಪಸ್ ಅದೇ ಸಂದಿಗೆ ಅಂಟಿಸುತ್ತಾರೆ.

ಆಮೇಲೆ ಇಪ್ಪತ್ತು ಲೀಟರಿನ ಎರಡು ಕ್ಯಾನುಗಳಿಗೆ ಸಮುದ್ರದ ನೀರು ತುಂಬಿ, ಸೈಕಲ್ಲಿನ ಎರಡೂ ಕಡೆ ನೇತುಹಾಕಿ, ತಳ್ಳಿಕೊಂಡು ಮೀನುಗಾರರ ಸಂಘದ ಕಟ್ಟಡಕ್ಕೆ ಬರುತ್ತಾರೆ. ಕೆಳಗಿನ ಕೋಣೆಯಲ್ಲಿ ಆರುನೂರು ಲೀಟರಿನ ಗಾಜಿನ ತೊಟ್ಟಿ ಇದೆ. ಒಳಗೆ ಮೂವತ್ತೊಂದು ಕಲ್ಲುಗಳ ಗುಡ್ಡ, ನಡುವೆ ಎರಡು ಚಿಕ್ಕ ಮೀನು. ಮರಳಿನ ಮೇಲೆ ನಿನ್ನೆಯ ಏಳು ಬಸವನಹುಳುಗಳು ಅಂಗಾತ ಬಿದ್ದಿವೆ. ಅವನ್ನು ಉದ್ದನೆಯ ಇಕ್ಕಳದಿಂದ ಒಂದೊಂದಾಗಿ ಎತ್ತಿ ಮೇಜಿನ ಕೆಳಗಿನ ಡಬ್ಬಕ್ಕೆ ಹಾಕುತ್ತಾರೆ. ಹೊಸ ಏಳನ್ನು ಕಲ್ಲುಗಳ ಮೇಲೆ ಕೂರಿಸುತ್ತಾರೆ. ಗಾಜು ಒರೆಸುತ್ತಾರೆ. ಎಂಟು ಗಂಟೆಗೆ ಅವರ ಅಕ್ಕ ಫೌಕಿಯಾ ಬರುತ್ತಾರೆ. ಅಷ್ಟರೊಳಗೆ ಸತ್ತವು ಕಣ್ಮರೆಯಾಗಿ, ಬದುಕಿರುವವು ಕಲ್ಲು ಹತ್ತುತ್ತಿರಬೇಕು.

ಇದು ಹನ್ನೊಂದು ದಿನಗಳಿಂದ ನಡೆದಿದೆ. ಡಬ್ಬದಲ್ಲಿ ಎಪ್ಪತ್ತೇಳು ಚಿಪ್ಪುಗಳಿವೆ. "ನಾ ಜಲಚರ ಸಾಕಿದವ್ರಿ," ಎನ್ನುತ್ತಾರೆ ಕಾಕಾ, ಬರೆದುಕೊಳ್ಳಲು ಬಂದ ನನಗೆ, ಡಬ್ಬವನ್ನು ಕಾಲಿನಿಂದ ಒಳಕ್ಕೆ ನೂಕುತ್ತ. "ಈಗ ಕೊಲ್ಲೂ ಕೆಲಸ ಹಿಡಿದೀನಿ."

ಹಿಗಾಜಿ ಅವರಿಗೆ ಅರವತ್ತೊಂದು. ಮೂವತ್ತೆರಡು ವರ್ಷ ಈ ಕಡಲತೀರದ ಹೋಟೆಲುಗಳ ಅಂಗಳದಲ್ಲಿ ಮೀನಿನ ತೊಟ್ಟಿಗಳನ್ನು ಕಟ್ಟಿದ್ದಾರೆ, ತೊಳೆದಿದ್ದಾರೆ, ಕಾದಿದ್ದಾರೆ. ಉಪ್ಪುನೀರು ತಿಂದು ಅವರ ಬೆರಳ ಸಂದುಗಳು ಬೇಸಿಗೆಯ ಕೆರೆಯ ತಳದ ಹಾಗೆ ಸೀಳಿವೆ. ಬಂದವರೆಲ್ಲ ತೊಟ್ಟಿಯ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ಇದನ್ನು ಸಾಕುವವರು ಯಾರು ಎಂದು ಕೇಳಿದವರು ಮೂವತ್ತೆರಡು ವರ್ಷದಲ್ಲಿ ಒಬ್ಬರೂ ಇಲ್ಲ. "ಗಾಜಿನ ಆಚೆ ನಿಂತವರಿಗೆ ಮೀನು ಕಾಣ್ತಾವ. ಗಾಜು ತೊಳ್ಯಾವ ಕಾಣೂದಿಲ್ರಿ. ನಾ ಗಾಜು ಅಷ್ಟು ಚಲೋ ತೊಳೀತಿದ್ದೆ," ಎಂದು ನಗುತ್ತಾರೆ. ಕೊನೆಯ ಹೋಟೆಲು ಬಾಗಿಲು ಹಾಕಿದ ಮೇಲೆ ಒಂದು ಹಳೆಯ ತೊಟ್ಟಿಯನ್ನೂ ನೀರು ತಿರುಗಿಸುವ ಪಂಪನ್ನೂ ಅವರಿಗೇ ಬಿಟ್ಟುಕೊಟ್ಟರು.

ಅದೇ ಚಳಿಗಾಲದಲ್ಲಿ ಬೆಟ್ಟದ ಕಡೆಯಿಂದ ಪ್ರವಾಹ ಇಳಿದು ಬಂತು. ಈ ಊರಿನ ಹಳೆಯ ಮನೆಗಳು ಹವಳಗಲ್ಲಿನವು. ಅಜ್ಜಂದಿರು ಸತ್ತ ಹವಳದ ದಿಬ್ಬಗಳನ್ನು ದಡದಲ್ಲೇ ಕಡಿದು, ಇಟ್ಟಿಗೆಯಂತೆ ಜೋಡಿಸಿ, ಸುಣ್ಣ ಬಳಿದು ಎತ್ತಿ ನಿಲ್ಲಿಸಿದ ಮನೆಗಳು. ನೂರು ವರ್ಷ ಉಪ್ಪುಗಾಳಿಗೆ ಜಗ್ಗದೆ ನಿಂತ ಹಿಗಾಜಿಯವರ ಮನೆ ಒಂದು ಮಧ್ಯಾಹ್ನದ ಸಿಹಿನೀರಿಗೆ ಅರ್ಧ ಕುಸಿಯಿತು. ಉಳಿದರ್ಧವನ್ನು ಅಪಾಯವೆಂದು ಕೆಡವಿದರು. ಕಲ್ಲುಮಣ್ಣು ಸಾಗಿಸುವ ಲಾರಿ ಬಂದ ದಿನ ಕಾಕಾ ಅದರ ಮುಂದೆ ನಿಂತು, ತಮ್ಮಿಂದ ಎತ್ತಲಾಗುವಷ್ಟು ಕಲ್ಲುಗಳನ್ನು ಆರಿಸಿಕೊಂಡರು. ಎಲ್ಲಿಡುವುದು, ಏನು ಮಾಡುವುದು ಎಂದು ಆಗ ಅವರಿಗೆ ಗೊತ್ತಿರಲಿಲ್ಲ.

ಫೌಕಿಯಾ ಆ ಮನೆಯಲ್ಲೇ ಹುಟ್ಟಿದವರು, ವಿಧವೆಯಾದ ಮೇಲೆ ಅಲ್ಲಿಗೇ ಮರಳಿದವರು. ಪ್ರವಾಹದ ನಂತರ ಸಂತೆಯ ಹಿಂದಿನ ಒಂದು ಬಾಡಿಗೆ ಕೋಣೆ ಸೇರಿದರು. ಮನೆಯಿದ್ದ ಬೀದಿಗೆ ಕಾಲಿಡಲಿಲ್ಲ. ಮನೆಯ ಸುದ್ದಿ ತೆಗೆದರೆ ಎದ್ದು ಹೋಗುತ್ತಿದ್ದರು. ಆಮೇಲಾಮೇಲೆ ಬೇರೆ ಮಾತೂ ಕಡಿಮೆಯಾಯಿತು. "ಅಕ್ಕ ಬಾಯಿ ಕಟ್ಟಿಕೊಂಡು ಕೂತುಬಿಟ್ಲ್ರಿ. ಉಂಡ್ಯೇನು ಅಂದ್ರ ತಲಿ ಆಡ್ಸೂದು. ಅಷ್ಟಾ." ಕೆನಾ ಪಟ್ಟಣದಲ್ಲಿರುವ ಮಗಳು, ಹಬ್ಬ ಕಳೆದ ಮೇಲೆ ಕರೆದುಕೊಂಡು ಹೋಗುವುದಾಗಿ ಹೇಳಿ ಕಳುಹಿಸಿದ್ದಳು.

ಹೀಗಿರುವಾಗ ಸಂಘದ ಕಾರ್ಯದರ್ಶಿ ಮಹ್ರೂಸ್ ಮಾಸ್ತರರಿಗೆ ಒಂದು ಆಲೋಚನೆ ಬಂತು. ನಿವೃತ್ತ ಶಿಕ್ಷಕ, ಮಾತಿನ ಮಲ್ಲ. ಕೆಳಗಿನ ಕೋಣೆ ಖಾಲಿ ಬಿದ್ದಿದೆ, ಊರಿನ ಮಕ್ಕಳಿಗೆ ತಮ್ಮ ಬಾಗಿಲ ಮುಂದಿನ ಸಮುದ್ರದೊಳಗೆ ಏನಿದೆಯೆಂದೇ ಗೊತ್ತಿಲ್ಲ, ಶಾಲೆ ತೆರೆಯುವ ಹೊತ್ತಿಗೆ ಒಂದು ತೊಟ್ಟಿ ಮಾಡೋಣವೇ ಎಂದರು. ತೊಟ್ಟಿ ಕಾಕಾನ ಬಳಿ ಇತ್ತು. ಜೀವಂತ ಹವಳದ ಕಲ್ಲನ್ನು ಸಮುದ್ರದಿಂದ ಕೀಳುವುದು ಅಪರಾಧ, ಕಾವಲಿನವರು ಹಿಡಿಯುತ್ತಾರೆ. ಹೊರದೇಶದ ಒಣಕಲ್ಲು ತರಿಸುವ ಶಕ್ತಿ ಸಂಘಕ್ಕಿಲ್ಲ. ಕಾಕಾ ಮೂರನೆಯ ದಿನ ಬಂದು, "ಕಲ್ಲು ನಾ ಕೊಡ್ತೀನಿ" ಎಂದರು.

"ಈ ಕಲ್ಲು ಸಮುದ್ರದ್ದ ಅಲ್ಲೇನ್ರಿ? ನಮ್ಮಜ್ಜ ಕಡಕೊಂಡು ಬಂದಿದ್ದ. ನಾ ತಿರುಗಿ ನೀರಿಗೆ ಹಾಕಿದ್ರ ಮತ್ತ ಜೀವ ಹಿಡೀತಾವ ಅನ್ನಿಸ್ತು. ಹುಳ, ಪಾಚಿ, ಸೀಗಡಿ, ಎಲ್ಲಾ ಬಂದು ಸಂದಿ ಸಂದಿ ಒಳಗ ಸಂಸಾರ ಹೂಡತಾವ. ಮನಿ ಅಂದ್ರ ಅದಾ ಅಲ್ಲೇನ್ರಿ?"

ಕೆಲಸ ಶುರುವಾಯಿತು. ಉಳಿ ಹಿಡಿದು ಕಲ್ಲಿನ ಗಾರೆ ಕಿತ್ತರು. ತಂತಿಯ ಬ್ರಷ್ಷಿನಿಂದ ಉಜ್ಜಿದರು. ನಲವತ್ತು ದಿನ ಪೀಪಾಯಿಗಳಲ್ಲಿ ನೆನೆಹಾಕಿ ದಿನ ಬಿಟ್ಟು ದಿನ ನೀರು ಬದಲಿಸಿದರು, ಬಿಸಿಲಿಗೆ ಒಣಗಿಸಿದರು. ಗಾಜಿನ ತಳಕ್ಕೆ ಮೆತ್ತೆ ಹಾಸಿ, ದೊಡ್ಡ ಕಲ್ಲು ಕೆಳಗೆ, ಸಣ್ಣವು ಮೇಲೆ, ನೀರು ಹಾಯಲು ನಡುನಡುವೆ ಸಂದಿ ಬಿಟ್ಟು ಜೋಡಿಸಿದರು. ಅನಂತರ ಮರಳು. ಆಮೇಲೆ ಧಕ್ಕೆಯ ಆಚೆಯಿಂದ ಬಟ್ಟೆಯಲ್ಲಿ ಸೋಸಿದ ನೀರು, ದಿನಕ್ಕೆ ಆರು ಕ್ಯಾನು, ಐದು ದಿನ.

ಇನ್ನು ನೀರು ಬೇಯಬೇಕು. ಈ ಊರಿನ ತೊಟ್ಟಿ ಕೆಲಸದವರ ಮಾತದು. ಬೆಂಕಿಯಿಲ್ಲ, ಒಲೆಯಿಲ್ಲ. ಒಂದು ಸೀಗಡಿ ಹಾಕಿ ಕೊಳೆಯಲು ಬಿಡುತ್ತಾರೆ. "ಹೊಸಾ ನೀರು ಹಸೀ ಇರ್ತಾವ್ರಿ. ಸೀಗಡಿ ಕೊಳತು ವಿಷ ಏರ್ತೈತಿ. ಆ ವಿಷ ತಿನ್ನೂ ಹುಳ, ಕಣ್ಣಿಗೆ ಕಾಣೂದಿಲ್ಲ, ಕಲ್ಲಿನ ತೂತಿನೊಳಗ ಹುಟ್ಟತಾವ. ಅವು ತಿಂದು ಇನ್ನೊಂದು ವಿಷ ಹೇಲ್ತಾವ. ಅದನ್ನ ತಿನ್ನಾಕ ಬ್ಯಾರೆ ಹುಳ ಬರಬೇಕು. ಎರಡೂ ಪೂರಾ ಇಳದ್ವು ಅಂದ್ರ ನೀರು ಬೆಂದ್ವು. ಅಲ್ಲೀತನಕ ಬಾಯಿ ಮುಚಿಗೊಂಡು ಕೂಡಬೇಕು. ಅವಸರ ಮಾಡಿದವರ ಮೀನು ತೇಲ್ತಾವ."

ಸಂಘಕ್ಕೆ ಬಂದು ಹೋಗುವವರಿಗೆಲ್ಲ ಅದೊಂದು ಮೋಜಾಯಿತು. ಮಹ್ರೂಸ್ ಮಾಸ್ತರರು ದಿನಾ ಬಾಗಿಲಲ್ಲಿ ತಲೆ ತೂರಿಸಿ ಕೇಳುತ್ತಿದ್ದರು: "ಕಾಕಾ, ನೀರು ಬೆಂದ್ವೇನ? ಉಪ್ಪು ನೋಡಾಕ ಚಮಚಾ ತರ್ಲ್ಯಾ?"

"ಉಪ್ಪು ಹೆಚ್ಚ ಆಗೇತಿ ಮಾಸ್ತರ. ನಿಮ್ಮ ನಾಲಿಗಿ ಅದ್ದಿದ್ರ ಎರಡೂ ಕೂಡಿ ಕಹಿ ಆಗತಾವ."

ಕಾಕಾ ಪ್ರತಿ ಮುಂಜಾನೆ ಸಣ್ಣ ಗಾಜಿನ ನಳಿಕೆಗೆ ತೊಟ್ಟಿಯ ನೀರು ತೆಗೆದುಕೊಂಡು, ಔಷಧದ ಹನಿ ಬಿಟ್ಟು, ಬಣ್ಣವನ್ನು ಚೀಟಿಯ ಬಣ್ಣಗಳ ಜೊತೆ ಹೋಲಿಸಿ, ಬಾಗಿಲ ಹಿಂಬದಿಗೆ ಸೀಮೆಸುಣ್ಣದಿಂದ ಬರೆಯುತ್ತಿದ್ದರು. ನಾಲ್ಕನೆಯ ದಿನ ಹಳದಿ ಹಸಿರಾಯಿತು, ಮೊದಲ ವಿಷ ಏರಿತ್ತು. ಹದಿನೇಳನೆಯ ದಿನ ಎರಡನೆಯ ವಿಷದ ನಳಿಕೆ ನೇರಳೆಗೆ ತಿರುಗಿತು. ಮೂವತ್ತೆಂಟನೆಯ ದಿನ ಎರಡೂ ಸೊನ್ನೆಗೆ ಇಳಿದವು. ಅಂದು ಸಂಘದಲ್ಲಿ ಇದ್ದವರಿಗೆಲ್ಲ ಕಾಕಾ ಚಹಾ ಹಾಕಿಸಿದರು. ಎರಡು ಮೀನು ಬಿಟ್ಟರು. ಅಕ್ಕನ ಕೋಣೆಗೆ ಹೋಗಿ, ಎಲ್ಲಿಗೆಂದು ಹೇಳದೆ ಕೈಹಿಡಿದು ಕರೆತಂದರು.

ಫೌಕಿಯಾ ಗಾಜಿನ ಮುಂದೆ ಕುರ್ಚಿಯಲ್ಲಿ ಕೂತು ಬಹಳ ಹೊತ್ತು ನೋಡಿದರು. ಆಮೇಲೆ ಬೆರಳು ತೋರಿಸಿದರು. "ಅದು ಕಿಟಕಿ ಕೆಳಗಿಂದು. ಹೌದಲ್ಲೋ? ಇದು ದೀಪದ ಗೂಡಿಂದು, ನೋಡಲ್ಲಿ, ಮಸಿ ಇನ್ನೂ ಐತಿ. ಅಲ್ಲಿ ಬಚ್ಚಲ ಮೂಲಿಯಾಗ ನೀ ಬಿದ್ದು ಹಲ್ಲು ಮುರಕೊಂಡಿದ್ದಿ." ಏಳು ತಿಂಗಳ ಮೇಲೆ ಅವರು ಒಟ್ಟಿಗೆ ಅಷ್ಟು ಮಾತಾಡಿದ್ದರು. ಮರುದಿನದಿಂದ ಶುಂಠಿ ಕಾಫಿಯ ಫ್ಲಾಸ್ಕು ಹಿಡಿದು ಎಂಟಕ್ಕೆ ಸರಿಯಾಗಿ ಬರತೊಡಗಿದರು. "ಮನಿಗೆ ಹೋಗಿ ಬರ್ತೀನಿ" ಎಂದು ಪಕ್ಕದವರಿಗೆ ಹೇಳಿ ಹೊರಡುತ್ತಾರಂತೆ.

ನಲವತ್ತೊಂದನೆಯ ದಿನ ಕಾಕಾ ಮೊದಲ ಬಸವನಹುಳುಗಳನ್ನು ಬಿಟ್ಟರು. ಬಿಟ್ಟ ಗಳಿಗೆಯಲ್ಲಿ ಚೆನ್ನಾಗಿಯೇ ಹರಿದಾಡಿದವು. ಮಧ್ಯಾಹ್ನ ಒಂದೊಂದಾಗಿ ಕಲ್ಲಿನ ಹಿಡಿತ ಬಿಟ್ಟು ಮರಳಿಗೆ ಬಿದ್ದವು. ಮರುದಿನ ವಾಸನೆ. ನೀರು ಬಿಸಿಯಾಯಿತೇನೋ ಎಂದು ಫ್ಯಾನು ಇಟ್ಟರು. ಉಪ್ಪು ಅಳೆದರು. ಮೂರನೆಯ ಒಂದು ಪಾಲು ನೀರು ಬದಲಿಸಿದರು. ಎರಡನೆಯ ಸಲ ಬಿಟ್ಟವೂ ಬಿದ್ದವು. ಮೂರನೆಯ ಸಲ ಹಾಕಿದ ಸೀಗಡಿಗಳು ಒಂದು ತಾಸೂ ಉಳಿಯಲಿಲ್ಲ. ಬಾಗಿಲ ಹಿಂದಿನ ಲೆಕ್ಕವೆಲ್ಲ ಸರಿಯಾಗಿಯೇ ಇತ್ತು. ಮೀನುಗಳು ಆರಾಮಾಗಿ ಈಜುತ್ತಿದ್ದವು.

ಒಂದು ಸಂಗತಿ ಮಾತ್ರ ಅವರ ಕಣ್ಣಿಗೆ ಬಿದ್ದೂ ಬೀಳದೆ ಹೋಯಿತು. ಎರಡನೆಯ ತಿಂಗಳಲ್ಲಿ ಹೊಸ ಕಲ್ಲಿನ ಮೇಲೆ ಕಂದು ಲೋಳೆ ಬರಬೇಕು, ಆಮೇಲೆ ಹಸಿರು. ಇಲ್ಲಿ ಎರಡೂ ಬರಲಿಲ್ಲ. "ನನ್ನ ತೊಟ್ಟಿ ಎಷ್ಟ ಸ್ವಚ್ಛ ಐತಿ ನೋಡ್ರಿ ಅಂತ ಮಂದಿಗೆ ಹೇಳಿಕೋತ ತಿರುಗಿದೆ. ಮೂವತ್ತೆರಡು ವರ್ಷ ಇದಾ ಕೆಲಸ ಮಾಡಿದವ! ನಿನ್ನೆ ಕೆಲಸಕ್ಕ ಸೇರಿದವನೂ ಕೇಳ್ತಿದ್ದ, ಪಾಚಿ ಎಲ್ಲೈತಿ ಅಂತ. ನನ್ನ ಕಣ್ಣಿಗೆ ಪರದೆ ಬಿದ್ದಿತ್ತು."

ಪರದೆ ಸರಿಸಿದ್ದು ಅಕ್ಕನೇ. ಒಂದು ಬೆಳಗ್ಗೆ ಕಾಫಿ ಹೀರುತ್ತ ಕಿಟಕಿಯ ಕಲ್ಲಿನ ಒಂದು ಮೂಲೆ ತೋರಿಸಿದರು. ಅಲ್ಲಿ ಬ್ರಷ್ಷಿಗೂ ಹೋಗದ ಒಂದು ಗೀರು ನೀಲಿ ಉಳಿದಿತ್ತು.

"ಅವ್ವನ ನೀಲಿ ನೋಡೋ ತಮ್ಮಾ, ಇನ್ನೂ ಹೋಗಿಲ್ಲ. ನೆನಪೈತೇನು? ವರ್ಷಾ ಉಪವಾಸದ ತಿಂಗಳ ಮುಂಚೆ ಸುಣ್ಣ ಹಚ್ಚೂ ಹೊತ್ತಿಗೆ ತೂತಿಯಾ ಹಾಕ್ತಿದ್ಲು. ಕೆಟ್ಟ ಕಣ್ಣೂ ತಾಗಬಾರದು, ತಿಗಣೀನೂ ಬರಬಾರದು ಅಂತ. ಕುಟ್ಟೂ ಕೆಲಸ ನನ್ನದಾ. ಒರಳಾಗ ಹಾಕಿ ಹಿಟ್ಟಿನಂಗ ಮಾಡಿ ಕೊಡ್ತಿದ್ದೆ. ಹೊಲಸ ವಾಸನಿ. ಮೂರು ದಿನ ಕೈ ನೀಲಿ ಇರ್ತಿದ್ವು."

ಅಲ್ಲಿ ತೂತಿಯಾ ಎನ್ನುವುದು ನಮ್ಮ ಮೈಲುತುತ್ತವೇ. ತಾಮ್ರದ ಉಪ್ಪು. ಕಾಕಾ ಕಾಫಿ ಲೋಟವನ್ನು ಕೆಳಗಿಟ್ಟು ಆ ಗೀರಿನ ಹತ್ತಿರಕ್ಕೆ ಬಗ್ಗಿದರು. ಹೋಟೆಲಿನಲ್ಲಿ ಮೀನಿಗೆ ಕಾಯಿಲೆ ಬಂದಾಗ ಇವರೇ ಬೇರೆ ತೊಟ್ಟಿಗೆ ಹಾಕಿ ತಾಮ್ರದ ನೀಲಿ ಔಷಧ ಬಿಡುತ್ತಿದ್ದರು. ಮೀನು ಅದನ್ನು ತಡೆದುಕೊಳ್ಳುತ್ತದೆ, ಬಸವನಹುಳು ಒಂದು ಹನಿಯನ್ನೂ ತಡೆಯುವುದಿಲ್ಲ. ಆ ತೊಟ್ಟಿಯ ಬಲೆಯನ್ನು ಈ ತೊಟ್ಟಿಗೆ ಅದ್ದಿದವರಿಗೆ ಕೆಲಸದಿಂದ ಬಿಡುಗಡೆ ಎಂದು ಗದರುತ್ತಿದ್ದವರೂ ಇವರೇ.

ಅಕ್ಕ ಹೋದ ಮೇಲೆ ಹಳೆಯ ಪೆಟ್ಟಿಗೆಯಿಂದ ತಾಮ್ರ ನೋಡುವ ಔಷಧದ ಸೀಸೆ ಹುಡುಕಿ ತೆಗೆದರು. ಐದು ಹನಿ ಬಿಟ್ಟರು. ನಳಿಕೆಯ ನೀರು ತಿಳಿ ನೀಲಿಯಾಯಿತು. "ನಮ್ಮವ್ವನ ಕೋಣಿ ಬಣ್ಣ ಅದಾ."

ಮತ್ತೆ ತೊಳೆದರೆ ಹೋಗುವುದಿಲ್ಲವೇ? ಕಾಕಾ ತಲೆ ಅಲ್ಲಾಡಿಸುತ್ತಾರೆ. "ಹವಳಗಲ್ಲು ಅಂದ್ರ ಮೈಯೆಲ್ಲಾ ತೂತು. ನಲವತ್ತು ವರ್ಷ ಬಳದದ್ದನ್ನ ಕುಡದೈತಿ. ಇನ್ನ ನಲವತ್ತು ವರ್ಷ ಸ್ವಲ್ಪ ಸ್ವಲ್ಪ ಕಾರ್ತಾ ಇರ್ತೈತಿ. ಇದು ಎಂದೂ ಜೀವ ಹಿಡ್ಯಾ ಕಲ್ಲಲ್ರಿ. ಸಮುದ್ರಕ್ಕೂ ಹಾಕೂ ಹಂಗಿಲ್ಲ, ಅಲ್ಲೀವನ್ನೂ ಕೊಲ್ತೈತಿ."

ಮಹ್ರೂಸ್ ಮಾಸ್ತರರು ಬೇರೆ ದಾರಿ ಹೇಳಿದರು. "ಮೀನು ಬದುಕ್ಯಾವಲ್ಲ ಕಾಕಾ. ಮಕ್ಕಳು ಮೀನು ನೋಡಾಕ ಬರ್ತಾವ. ಹುಳಾ ಯಾವ ಮಗು ಕೇಳ್ತೈತಿ?"

"ಇವತ್ತ ಹುಳ ಮಾಸ್ತರ, ನಾಳೆ ಮೀನು. ವಿಷದಾಗ ಇಟ್ಟು ಇದು ನಿಮ್ಮ ಸಮುದ್ರ ಅಂತ ಮಕ್ಕಳಿಗೆ ತೋರಸ್ಲ್ಯಾ? ನನ್ನ ಕೈಲಿ ಆಗೂದಿಲ್ಲ. ಮುಂದಿನ ವಾರ ಗುರುವಾರದ ಬಸ್ಸಿಗೆ ಅಕ್ಕ ಕೆನಾಕ್ಕ ಹೋಗ್ತಾಳ. ಅಲ್ಲೀತನಕ ಬಿಡ್ರಿ. ಆಮ್ಯಾಲ ನಾನಾ ತೆಗೀತೀನಿ."

ಅಂದಿನಿಂದ ಈ ಏಳು ಹುಳುಗಳ ಆಟ. ಅಕ್ಕನಿಗೆ ಹೇಳಿಬಿಟ್ಟರೆ ಮುಗಿಯಿತಲ್ಲ ಎಂದರೆ ಕಾಕಾನ ದನಿ ಏರುತ್ತದೆ. "ಏನಂತ ಹೇಳ್ಲಿ? ನೀ ಕುಟ್ಟಿದ್ದಿ, ಅವ್ವ ಹಚ್ಚಿದ್ಲು, ನಮ್ಮನಿ ವಿಷ ಆಗೇತಿ ಅಂತೇನು? ಆ ಮನಿ ಬಿಟ್ರ ಅಕಿಗೆ ಮಾತಾಡಾಕ ಏನೈತ್ರಿ?" ಈ ಮಾತನ್ನು ಬರೆಯಬಹುದೇ ಎಂದು ಕೇಳಿದಾಗ ಕೈ ಬೀಸುತ್ತಾರೆ. "ಬರಕೋರಿ. ನಿಮ್ಮ ಅಕ್ಷರ ಅಕಿಗೆ ಎಲ್ಲಿ ಬರ್ತಾವ? ನಮ್ಮ ಅಕ್ಷರನಾ ಬರೂದಿಲ್ಲ."

ಮಂಗಳವಾರ ಎಂಟಕ್ಕೆ ಫೌಕಿಯಾ ಬರುತ್ತಾರೆ. ಕಪ್ಪು ಸೆರಗು ಸರಿಮಾಡಿಕೊಂಡು ಕುರ್ಚಿಯಲ್ಲಿ ಕೂತು, ಮೂರು ಲೋಟಕ್ಕೆ ಕಾಫಿ ಬಗ್ಗಿಸುತ್ತಾರೆ. ಕಿಟಕಿಯ ಕಲ್ಲಿನ ಮೇಲೆ ಒಂದು ಬಸವನಹುಳು ನಿಧಾನಕ್ಕೆ ಏರುತ್ತಿದೆ. ಕೆನಾದಲ್ಲಿ ಸಮುದ್ರ ಇಲ್ಲ, ಮಗಳ ಮನೆ ನಾಲ್ಕನೆಯ ಮಹಡಿಯಲ್ಲಂತೆ, ಮೊಣಕಾಲಿಗೆ ಮೆಟ್ಟಿಲು ಆಗುವುದಿಲ್ಲ ಎಂದು ಅದೂ ಇದೂ ಹೇಳುತ್ತಾರೆ. ಕಾಕಾ ಹ್ಞೂಂಗುಟ್ಟುತ್ತ ಪಂಪಿನ ಬಾಯಿ ಉಜ್ಜುತ್ತಿದ್ದಾರೆ.

"ನಿನ್ನೆ ಈ ಕಲ್ಲಿನ ಮ್ಯಾಲ ಇದ್ದದ್ದಕ್ಕ ಚಿಪ್ಪಿನ ತುದಿ ಒಡದಿತ್ತು," ಎನ್ನುತ್ತಾರೆ ಫೌಕಿಯಾ, ತೊಟ್ಟಿಯಿಂದ ಕಣ್ಣು ಕೀಳದೆ. "ಇವತ್ತಿಂದು ಚಲೋ ಐತಿ. ಮೊನ್ನೆ ಪಟ್ಟೆ ಪಟ್ಟೆ ಇತ್ತು."

ಕಾಕಾನ ಕೈ ನಿಲ್ಲುತ್ತದೆ.

"ನಾಳೆ ನಾ ಬರೂದಿಲ್ಲ. ಗಂಟು ಕಟ್ಟೂದೈತಿ. ಹುಳಾ ತರಾಕ ನೀರಿಗಿಳೀಬ್ಯಾಡ ತಮ್ಮಾ, ಬೆಳಗಿನ ನೀರು ಥಂಡಿ." ಕಾಫಿಯ ಲೋಟವನ್ನು ನೆಲಕ್ಕಿಟ್ಟು, ಎದ್ದು, ನೀಲಿ ಗೀರಿದ್ದ ಕಡೆ ಗಾಜಿನ ಮೇಲೆ ಅಂಗೈ ಇಡುತ್ತಾರೆ. "ನಾ ಬಾಳ ನುಣ್ಣಗ ಕುಟ್ಟಿದ್ನೇನೋ," ಎನ್ನುತ್ತಾರೆ.

ಕಾಕಾ ಆಗಲೇ ಒರೆಸಿದ್ದ ಗಾಜನ್ನು ಮತ್ತೆ ಒರೆಸುತ್ತಾರೆ. ಯಾರು ಹೇಳಿದರು, ಯಾವಾಗ ಗೊತ್ತಾಯಿತು ಎಂದು ಅವರು ಕೇಳಲಿಲ್ಲ, ಆಕೆ ಹೇಳಲೂ ಇಲ್ಲ. ಹೋಗುವಾಗ ಫ್ಲಾಸ್ಕನ್ನು ಕುರ್ಚಿಯ ಮೇಲೇ ಬಿಟ್ಟು ಹೋದರು.

ಬುಧವಾರ ಬೆಳಗ್ಗೆ ಕಾಕಾ ನೀರಿಗಿಳಿಯುವುದಿಲ್ಲ. ಎರಡು ಮೀನುಗಳನ್ನು ಬಕೆಟ್ಟಿನಲ್ಲಿ ಒಯ್ದು ಧಕ್ಕೆಯ ಆಚೆ ಬಿಟ್ಟು ಬರುತ್ತಾರೆ. ತೊಟ್ಟಿಯ ನೀರನ್ನು ಕ್ಯಾನುಗಳಿಗೆ ತುಂಬಿಸಿ, ಸಮುದ್ರದಿಂದ ದೂರ, ಏನೂ ಬೆಳೆಯದ ಜಲ್ಲಿಯ ಬಯಲಿಗೆ ಸುರಿಯುತ್ತಾರೆ. ಆಮೇಲೆ ತೋಳು ಮಡಚಿ ಕಲ್ಲುಗಳನ್ನು ಒಂದೊಂದಾಗಿ ಎತ್ತುತ್ತಾರೆ. ದೀಪದ ಗೂಡು. ಬಚ್ಚಲ ಮೂಲೆ. ಅಂಗಳದ ಬಿಸಿಲಿಗೆ ಮೂವತ್ತು ಕಲ್ಲುಗಳು ಸಾಲಾಗಿ ಬರುತ್ತವೆ. ಪ್ರವಾಹದ ಕಲ್ಲುಮಣ್ಣು ಹೋದ ದಿಬ್ಬಕ್ಕೇ ಇವನ್ನೂ ಒಯ್ಯಲು ಸಂಜೆಗೆ ಗಾಡಿ ಹೇಳಿದ್ದಾರೆ. ಬೇರೆ ಕಲ್ಲು ಎಲ್ಲಿಂದ ತರುವುದೋ ಮಾಸ್ತರರಿಗೂ ತೋಚಿಲ್ಲ. ತಂದರೂ ನೀರು ಮತ್ತೆ ಮೊದಲಿನಿಂದ ಬೇಯಬೇಕು, ಶಾಲೆಗಳು ಅಷ್ಟರೊಳಗೆ ತೆರೆದಿರುತ್ತವೆ. ಇನ್ನೊಂದು ಸಲ ಮಾಡುವ ಶಕ್ತಿ ತಮ್ಮ ತೋಳಿನಲ್ಲಿದೆಯೋ ಇಲ್ಲವೋ ಎಂದು ಕೇಳಿದರೆ ಕಾಕಾ ತೋಳನ್ನೇ ನೋಡಿಕೊಳ್ಳುತ್ತಾರೆ.

ಮೂವತ್ತೊಂದನೆಯ ಕಲ್ಲನ್ನು, ನೀಲಿ ಗೀರಿನದನ್ನು, ಹಳೆಯ ವೃತ್ತಪತ್ರಿಕೆಯಲ್ಲಿ ಎರಡು ಸುತ್ತು ಸುತ್ತಿ ದಾರ ಕಟ್ಟುತ್ತಾರೆ. ಅಕ್ಕನ ಗಂಟಿನೊಳಗೆ, ಬಟ್ಟೆಗಳ ನಡುವೆ ಇಡುವುದಂತೆ. "ಒಣಾ ಇದ್ರ ಇದು ಯಾರಿಗೂ ಏನೂ ಮಾಡೂದಿಲ್ರಿ," ಎನ್ನುತ್ತಾರೆ. ಫ್ಲಾಸ್ಕನ್ನೂ ಪಕ್ಕಕ್ಕೆ ತೆಗೆದಿಟ್ಟಿದ್ದಾರೆ.

ಬರೆದುಕೊಳ್ಳುತ್ತಿರುವ ಕೈಯನ್ನು ನೋಡುತ್ತಾರೆ. ಆಮೇಲೆ ಕಲ್ಲಿನ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂರುತ್ತಾರೆ.

"ಇಷ್ಟೆಲ್ಲಾ ಬರದ್ರಿ. ಇದೊಂದು ಮಾತೂ ಬರೀರಿ. ನಲವತ್ತು ವರ್ಷ ನಮ್ಮವ್ವನ ಮನ್ಯಾಗ ಒಂದಾ ಒಂದು ತಿಗಣಿ ಇರ್ಲಿಲ್ಲ."